ಒಡವೆ ಮತ್ತು ತೊಡವು

ಕನ್ನಡದಲ್ಲಿ ಆಭರಣಕ್ಕೆ ಎರಡು ಹಳೆಯ ದೇಶ್ಯ ಮಾತುಗಳಿವೆ. ಒಂದು ಒಡವೆ, ಇನ್ನೊಂದು ತೊಡವು. ಒಡೆಯ, ಒಡೆತನ ಎಂಬ ಮಾತುಗಳ ಬಳಗಕ್ಕೆ ಸೇರಿದ ಒಡವೆಗೆ ಸ್ವತ್ತು ಎಂಬುದೇ ಮೊದಲ ಅರ್ಥ. ತೊಡವು ಎಂದರೆ ತೊಡುವಂಥದು, ಮೈಮೇಲೆ ಚೆಲುವಾಗಿ ಕೂಡುವಂಥದು. ಹಳಗನ್ನಡದ ಕವಿಗಳು ಎರಡನ್ನೂ ಬಲ್ಲರು. ಇಂದು ನಮ್ಮ ಮನೆಮಾತಿನಲ್ಲಿ ಉಳಿದಿರುವುದು ಒಡವೆ ಮಾತ್ರ. ತೊಡವು ನಿಘಂಟಿನ ಪುಟಗಳನ್ನು ಸೇರಿಕೊಂಡಿದೆ. ಈ ಎರಡು ಮಾತುಗಳ ನಡುವಣ ಅಂತರದಲ್ಲಿಯೇ ತನ್ನ ಜೀವಮಾನದ ಕೆಲಸವನ್ನು ಕಂಡುಕೊಂಡ ಜರ್ಮನಿಯ ಒಬ್ಬ ಆಭರಣಕಾರನ ವಿಚಾರವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಅವನ ಹೆಸರು ಥಿಯೊಡೋರ್ ಫಾರ್ನರ್. ಅವನು ತೀರಿಕೊಂಡು ಒಂದು ಶತಮಾನ ಕಳೆದಿದೆ. ಆದರೂ ಅವನ ಕೆಲಸ ನಮ್ಮ ಮನೆಯಲ್ಲಿ ನಡೆದುಹೋದ ಒಂದು ತಪ್ಪನ್ನು ನನಗೆ ತಿಳಿಸಿಕೊಟ್ಟಿತು. ಆ ಮಾತನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಸೀಮೆಯ ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ಅಡಕೆಯನ್ನು ನಂಬಿದ ತಾಲ್ಲೂಕುಗಳು. ಅಡಕೆಯನ್ನು ನಂಬಿದವರು ಚಿನ್ನವನ್ನೂ ನಂಬಲೇಬೇಕು. ಧಾರಣೆ ಕುಸಿದ ವರ್ಷ, ಹಳದಿ ಎಲೆ ರೋಗ ತೋಟವನ್ನು ಹೊಕ್ಕ ವರ್ಷ, ಮಳೆ ಹೆಚ್ಚಾಗಿ ಕೊಳೆ ಬಿದ್ದ ವರ್ಷ, ಮನೆಯ ಹೆಣ್ಣುಮಕ್ಕಳ ಕೈಬಳೆ ಕೊರಳ ಸರಗಳು ಪೆಟ್ಟಿಗೆಯಿಂದ ಎದ್ದು ಅಡವಿನ ತಿಜೋರಿಗೆ ಹೋಗುತ್ತವೆ. ಒಳ್ಳೆಯ ವರ್ಷ ಬಂದಾಗ ಹಿಂದಿರುಗುತ್ತವೆ. ನಾನು ಎಂ.ಎ. ಓದಿದ್ದು ನನ್ನ ತಾಯಿಯ ಎರಡು ಜೊತೆ ಬಳೆಗಳ ಬಲದಿಂದ. ಆದುದರಿಂದ ಒಡವೆಯನ್ನು ಸ್ವತ್ತೆಂದು ಕಾಣುವುದನ್ನು ನಾನು ಹಗುರವಾಗಿ ಆಡಲಾರೆ. ಬ್ಯಾಂಕು ವಿಮೆಗಳು ಮನೆಬಾಗಿಲಿಗೆ ಬಾರದಿದ್ದ ಕಾಲದಲ್ಲಿ ಹೆಣ್ಣೊಬ್ಬಳಿಗೆ ಅವಳದೇ ಎನ್ನುವಂತಿದ್ದ ಏಕಮಾತ್ರ ಆಸ್ತಿ ಅದು.

ಆದರೆ ಆ ಆಸ್ತಿಗೆ ಒಂದು ರೂಪವೂ ಇದ್ದಿತು. ಅವಲಕ್ಕಿ ಸರ, ಗುಂಡಿನ ಸರ, ಕಾಸಿನ ಸರ, ಬುಗುಡಿ, ಓಲೆ, ವಂಕಿ, ಡಾಬು, ರಾಗಟೆ, ಜಡೆನಾಗರ: ಈ ಹೆಸರುಗಳನ್ನು ಸುಮ್ಮನೆ ಉಚ್ಚರಿಸಿದರೂ ಒಂದು ಪದ್ಯದ ಗತಿ ಬರುತ್ತದೆ. ಕೊಪ್ಪು ಎಂಬುದು ಕೂಡ ಕಿವಿಯ ಆಭರಣವೇ. ನಮ್ಮೂರು ಕೊಪ್ಪಕ್ಕೂ ಅದಕ್ಕೂ ನಂಟು ಕಟ್ಟುವ ಸಾಹಸಕ್ಕೆ ಮಾತ್ರ ನಾನು ಕೈಹಾಕುವುದಿಲ್ಲ. ಕೊಪ್ಪವೆಂದರೆ ಪುಟ್ಟ ಹಳ್ಳಿ ಎಂಬ ಅರ್ಥವೇ ನಮಗೆ ಸಾಕು. ಈ ರೂಪಗಳನ್ನು ಕೊಟ್ಟವನು ಅಕ್ಕಸಾಲಿ. ಮದುವೆ ನಿಶ್ಚಯವಾದ ಮನೆಗೆ ಅವನೇ ತನ್ನ ಅಗ್ಗಿಷ್ಟಿಕೆ, ಊದುಗೊಳವೆ, ಮೂಸೆ, ಅಚ್ಚುಗಳೊಂದಿಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಮನೆಯ ಹಿರಿಯಳೊಬ್ಬಳು ಎದುರಿಗೆ ಕುಳಿತು ಅವನ ಕೈಯನ್ನೇ ನೋಡುತ್ತಿರುತ್ತಿದ್ದಳು. ಕಲೆಯನ್ನು ಕಾಣಲೆಂದಲ್ಲ, ಚಿನ್ನ ಕಾಯಲೆಂದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯನ್ನು ನಾವು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದೇವೆ. ಅವನ ಮೇಲಿನ ಸಂಶಯಕ್ಕೆ ಗಾದೆಯಲ್ಲಿ ಸ್ಥಾನ ದೊರೆಯಿತು. ಅವನ ಹೆಸರಿಗೆ ಎಲ್ಲಿಯೂ ದೊರೆಯಲಿಲ್ಲ.

ಒಂದು ಆಭರಣ ಮಾತ್ರ ನಮ್ಮಲ್ಲಿ ಸ್ವತ್ತಾಗದೆ ಶುದ್ಧ ತೊಡವಾಗಿಯೇ ಉಳಿಯಿತು. ಅದು ಬಳೆಗಾರ ತರುತ್ತಿದ್ದ ಗಾಜಿನ ಬಳೆ. ಗಾಜಿನ ಬಳೆಯನ್ನು ಯಾರೂ ಅಡವು ಇಡರು. ಒಡೆದರೆ ಅದರ ಬಾಳು ಮುಗಿಯಿತು. ಇನ್ನೊಂದು ವಿಶೇಷವೆಂದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದವರೆಗೆ ಭಾರತದ ಪೇಟೆಗಳಿಗೆ ಬಂದ ಗಾಜಿನ ಬಳೆಗಳಲ್ಲಿ ದೊಡ್ಡ ಪಾಲು ಬೊಹೀಮಿಯಾದ ಗಾಬ್ಲೊಂಜ್ ಎಂಬ ಊರಿನ ಸುತ್ತ ತಯಾರಾದುದು. ಅವುಗಳನ್ನು ಮಾಡಿದವರಲ್ಲಿ ಹೆಚ್ಚಿನವರು ಜರ್ಮನ್ ಮಾತನಾಡುವ ಕುಶಲಕರ್ಮಿಗಳು. ನಮ್ಮ ಮುತ್ತಜ್ಜಿಯರು ಬಳೆಗಾರನ ಮುಂದೆ ಕೈಚಾಚಿ ಕುಳಿತ ಕಾಲದಲ್ಲಿಯೇ, ಅದೇ ಭಾಷೆಯ ಇನ್ನೊಂದು ಊರಿನಲ್ಲಿ ಫಾರ್ನರ್ ತನ್ನ ಕಾರ್ಖಾನೆಯನ್ನು ನಡೆಸುತ್ತಿದ್ದ.

ಆ ಊರು ಫೋರ್ಟ್ಸ್‌ಹೈಮ್. ನನ್ನ ಮಗಳು ಕೆಲವು ವರ್ಷಗಳಿಂದ ಜರ್ಮನಿಯ ದಕ್ಷಿಣ ಭಾಗದಲ್ಲಿ ನೆಲೆಸಿದ್ದಾಳೆ. ನಿವೃತ್ತನಾದ ಮೇಲೆ ಅವಳ ಮನೆಯಲ್ಲಿ ಎರಡು ತಿಂಗಳು ಇದ್ದಾಗ ಒಂದು ದಿನ ಅವಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಕಪ್ಪು ಕಾಡು ಎಂದು ಹೆಸರಾದ ಅರಣ್ಯದ ಉತ್ತರದ ಅಂಚಿನಲ್ಲಿ, ಎಂಟ್ಸ್, ನಾಗೋಲ್ಡ್, ವ್ಯೂರ್ಮ್ ಎಂಬ ಮೂರು ಹೊಳೆಗಳು ಕೂಡುವೆಡೆಯಲ್ಲಿ ಆ ಪಟ್ಟಣವಿದೆ. ಕಾಡು, ಹೊಳೆ, ಮಂಜು ಇವನ್ನು ಕಂಡು ನನಗೆ ತುಂಗೆಯ ದಂಡೆ ನೆನಪಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಲ್ಲಿನ ಜನ ತೋಟವನ್ನು ನಂಬಿದವರಲ್ಲ, ಆಭರಣವನ್ನು ನಂಬಿದವರು. ೧೭೬೭ರಲ್ಲಿ ಬಾಡೆನ್ ಸಂಸ್ಥಾನದ ಅರಸ ಕಾರ್ಲ್ ಫ್ರೀಡ್ರಿಕ್ ಅಲ್ಲಿನ ಅನಾಥಾಲಯದಲ್ಲಿ ಗಡಿಯಾರ ಮತ್ತು ಆಭರಣಗಳ ಕಾರ್ಯಶಾಲೆಯನ್ನು ತೆರೆಯಿಸಿದ. ಅಲ್ಲಿಂದ ಮೊಳೆತ ಉದ್ಯಮ ಬೆಳೆದು ಇಡೀ ಊರೇ ಚಿನ್ನದ ನಗರವೆಂಬ ಬಿರುದನ್ನು ಪಡೆಯಿತು.

೧೮೫೫ರಲ್ಲಿ ಇಬ್ಬರು ಪಾಲುದಾರರು ಸೇರಿ ಆ ಊರಿನಲ್ಲಿ ಉಂಗುರಗಳ ಒಂದು ಕಾರ್ಖಾನೆಯನ್ನು ಸ್ಥಾಪಿಸಿದರು. ಒಬ್ಬ ಗೇಯೊರ್ಗ್ ಸೇಗರ್, ಇನ್ನೊಬ್ಬ ಹಿರಿಯ ಥಿಯೊಡೋರ್ ಫಾರ್ನರ್. ಈ ಹಿರಿಯನ ಮಗನೇ ನಮ್ಮ ಕಥಾನಾಯಕ. ತಂದೆಯ ಹೆಸರನ್ನೇ ಹೊತ್ತು ೧೮೫೯ರಲ್ಲಿ ಹುಟ್ಟಿದವನು. ಊರಿನ ಕಲಾಕೈಗಾರಿಕಾ ಶಾಲೆಯಲ್ಲಿ ಅವನು ಕಲಿತ ವಿದ್ಯೆ ಉಕ್ಕಿನ ಕೊರೆತ. ೧೮೮೩ರಲ್ಲಿ ತಂದೆ ತೀರಿಕೊಂಡಾಗ ಕಾರ್ಖಾನೆಯ ಹೊಣೆ ಅವನ ಹೆಗಲಿಗೆ ಬಂದಿತು. ೧೮೯೫ರ ಹೊತ್ತಿಗೆ ಅವನೊಬ್ಬನೇ ಅದರ ಒಡೆಯನಾದ.

ಉಕ್ಕಿನ ಕೊರೆತವೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಫಾರ್ನರನ ಮುಂದಿನ ಸಾಧನೆಯೆಲ್ಲ ಅದರ ಮೇಲೆ ನಿಂತಿದೆ. ಆಭರಣದ ಆಕೃತಿಯನ್ನು ಉಕ್ಕಿನ ಗಟ್ಟಿಯಲ್ಲಿ ಒಳಮುಖವಾಗಿ, ಉಬ್ಬು ಇರಬೇಕಾದಲ್ಲಿ ತಗ್ಗು ಮಾಡಿ ಕೊರೆಯುತ್ತಾರೆ. ಹಾಗೆ ಸಿದ್ಧವಾದ ಅಚ್ಚಿನ ಮೇಲೆ ಬೆಳ್ಳಿಯ ತೆಳು ತಗಡನ್ನಿಟ್ಟು ಯಂತ್ರದಿಂದ ಒತ್ತಿದಾಗ ಆಕೃತಿ ತಗಡಿನಲ್ಲಿ ಎದ್ದುನಿಲ್ಲುತ್ತದೆ. ಆಮೇಲೆ ಅಂಚು ಕತ್ತರಿಸಿ, ಬೆಸೆದು, ಬಣ್ಣದ ಗಾಜಿನ ಪುಡಿಯನ್ನು ಕರಗಿಸಿ ಮೀನಾಕಾರಿ ತುಂಬಿ, ಕಲ್ಲು ಕೂರಿಸುತ್ತಾರೆ. ನಮ್ಮ ಅಕ್ಕಸಾಲಿಗಳ ಅಚ್ಚಿನ ತತ್ತ್ವವೂ ಇದೇ. ಆದರೆ ಅಲ್ಲಿ ಸುತ್ತಿಗೆಯ ಬದಲು ಯಂತ್ರದ ಒತ್ತು; ಒಂದರ ಬದಲು ಅದೇ ರೂಪದ ನೂರು. ನೂರು ಮಾಡಿದಾಗ ಒಂದರ ಬೆಲೆ ಇಳಿಯುತ್ತದೆ. ಇಳಿದ ಬೆಲೆಯ ಜೊತೆಗೆ ಚೆಲುವೂ ಇಳಿಯಬೇಕೆ ಎಂಬುದು ಆ ಕಾಲದ ದೊಡ್ಡ ಪ್ರಶ್ನೆಯಾಗಿದ್ದಿತು.

ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಅವನ ಅನುಯಾಯಿಗಳು ಯಂತ್ರದ ವಸ್ತುಗಳ ಕುರೂಪವನ್ನು ಕಂಡು ಕೈಕಸುಬಿಗೆ ಹಿಂದಿರುಗಬೇಕೆಂದರು. ಅವರ ಕೈಕೆಲಸ ಸುಂದರವಾಗಿತ್ತು. ಆದರೆ ಅದನ್ನು ಕೊಳ್ಳುವ ಶಕ್ತಿ ಇದ್ದುದು ಶ್ರೀಮಂತರಿಗೆ ಮಾತ್ರ. ಫಾರ್ನರ್ ಬೇರೆ ದಾರಿ ಹಿಡಿದ. ಯಂತ್ರವನ್ನು ಬಿಡಲಿಲ್ಲ, ಯಂತ್ರಕ್ಕೆ ಕೊಡುವ ಆಕೃತಿಯನ್ನು ಬದಲಾಯಿಸಿದ. ಹಳೆಯ ರಾಜಮನೆತನಗಳ ಒಡವೆಗಳನ್ನು ಅಗ್ಗವಾಗಿ ಅನುಕರಿಸುವುದನ್ನು ತೊರೆದು, ತನ್ನ ಕಾಲದ ಒಳ್ಳೆಯ ಚಿತ್ರಗಾರರು, ಶಿಲ್ಪಿಗಳು, ವಾಸ್ತುಕಾರರನ್ನು ಕರೆದು ಹೊಸ ವಿನ್ಯಾಸಗಳನ್ನು ಬರೆಸಿದ. ವಜ್ರದ ಸ್ಥಳದಲ್ಲಿ ಅಗೇಟ್, ವೈಡೂರ್ಯ, ಚಿಕ್ಕ ಮುತ್ತುಗಳಂಥ ಸಾಧಾರಣ ರತ್ನಗಳು ಬಂದುವು; ಹೆಚ್ಚು ಕ್ಯಾರೆಟ್ಟಿನ ಚಿನ್ನದ ಸ್ಥಳದಲ್ಲಿ ಬೆಳ್ಳಿ, ಇಲ್ಲವೆ ಕಡಮೆ ಕ್ಯಾರೆಟ್ಟಿನ ಚಿನ್ನ. ಲೋಹದ ಬೆಲೆ ಕಡಮೆಯಾಯಿತು, ರೇಖೆಯ ಬೆಲೆ ಹೆಚ್ಚಾಯಿತು. ಒಬ್ಬ ಶಾಲಾ ಉಪಾಧ್ಯಾಯಿನಿಯೋ ಗುಮಾಸ್ತನ ಹೆಂಡತಿಯೋ ಕೊಂಡು ತೊಡಬಹುದಾದ, ಆದರೆ ಕಲಾವಿದನೊಬ್ಬನ ಮನಸ್ಸಿನಿಂದ ಹುಟ್ಟಿದ ಆಭರಣ ಅದು. ಫ್ಯಾಷನ್ ಆಭರಣ ಎಂದು ಇಂದು ನಾವು ತುಸು ತಾತ್ಸಾರದಿಂದ ಹೇಳುವ ಮಾತಿನ ಹಿಂದೆ ಇಂಥ ಗಂಭೀರವಾದ ಆಶಯವೂ ಒಂದು ಕಾಲಕ್ಕೆ ಇದ್ದಿತು.

೧೯೦೦ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಫಾರ್ನರನ ಆಭರಣಗಳಿಗೆ ಬೆಳ್ಳಿಯ ಪದಕ ದೊರೆಯಿತು. ಅಲ್ಲಿ ಇಟ್ಟಿದ್ದುದರಲ್ಲಿ ಮ್ಯಾಕ್ಸ್ ಯೋಸೆಫ್ ಗ್ರಾಡ್ಲ್ ಎಂಬ ಕಲಾವಿದನ ವಿನ್ಯಾಸಗಳಿದ್ದುವು. ಆಗ ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ ಹೆಸ್ಸೆ ಸಂಸ್ಥಾನದ ಅರಸ ಎರ್ನ್ಸ್ಟ್ ಲೂಡ್ವಿಗ್ ೧೮೯೯ರಲ್ಲಿ ಒಂದು ಕಲಾವಿದರ ನೆಲೆಯನ್ನು ಕಟ್ಟಿಸಿದ್ದ. ಮನೆ, ಮೇಜು, ತಟ್ಟೆ, ಚಮಚ, ಪದಕ, ಎಲ್ಲದರಲ್ಲಿಯೂ ಒಂದೇ ಕಲಾದೃಷ್ಟಿ ಇರಬೇಕೆಂಬುದು ಆ ನೆಲೆಯ ಧ್ಯೇಯ. ಅಲ್ಲಿನ ಯೋಸೆಫ್ ಮರಿಯಾ ಓಲ್‌ಬ್ರಿಕ್, ಪಾಟ್ರಿಜ್ ಹೂಬರ್, ಲೂಡ್ವಿಗ್ ಹಾಬಿಕ್ ಮುಂತಾದವರು ಫಾರ್ನರನಿಗಾಗಿ ಆಭರಣಗಳನ್ನು ಕಲ್ಪಿಸಿದರು. ಓಲ್‌ಬ್ರಿಕ್ ವಿಯೆನ್ನಾದ ಹೊಸ ಕಲಾವಿದರ ಪ್ರಸಿದ್ಧ ಪ್ರದರ್ಶನ ಮಂದಿರವನ್ನು ಕಟ್ಟಿದ ವಾಸ್ತುಕಾರ. ಹೂಬರ್ ಇಪ್ಪತ್ತನಾಲ್ಕರ ಹರೆಯದಲ್ಲಿ, ೧೯೦೨ರಲ್ಲಿ, ತಾನಾಗಿ ಬದುಕನ್ನು ಮುಗಿಸಿಕೊಂಡ ತರುಣ. ಆ ತರುಣನ ಬಿಗಿಯಾದ, ಲೆಕ್ಕಾಚಾರದ ಸುರುಳಿಗಳು ಫಾರ್ನರನ ಅಚ್ಚುಗಳಲ್ಲಿ ಉಳಿದುಕೊಂಡವು.

೧೯೦೧ರಲ್ಲಿ ಫಾರ್ನರ್ ತನ್ನ ಹೆಸರಿನ ಟಿ. ಎಫ್. ಎಂಬ ಎರಡು ಮೊದಲಕ್ಷರಗಳನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿದ. ಆಭರಣದ ಹಿಂಬದಿಯಲ್ಲಿ ಆ ಮುದ್ರೆ, ಜೊತೆಗೆ ಬೆಳ್ಳಿಯ ಶುದ್ಧತೆಯನ್ನು ಹೇಳುವ ೯೩೫ ಎಂಬಂಥ ಅಂಕೆ. ಇದು ವ್ಯಾಪಾರದ ಜಾಣ್ಮೆ ಎನ್ನಬಹುದು. ಆದರೆ ಇನ್ನೊಂದು ಸಂಗತಿ ನನ್ನ ಗಮನವನ್ನು ಸೆಳೆಯಿತು. ಹಲವು ಆಭರಣಗಳ ಮೇಲೆ ಕಾರ್ಖಾನೆಯ ಮುದ್ರೆಯ ಪಕ್ಕದಲ್ಲಿಯೇ ವಿನ್ಯಾಸಕಾರನ ಹೆಸರಿನ ಮೊದಲಕ್ಷರಗಳೂ ಇವೆ. ಹೂಬರನ ಕೃತಿಯ ಹಿಂದೆ ಹೂಬರನ ಅಕ್ಷರ, ಗ್ರಾಡ್ಲನ ಕೃತಿಯ ಹಿಂದೆ ಗ್ರಾಡ್ಲನ ಅಕ್ಷರ. ಕಾರ್ಖಾನೆಯ ಒಡೆಯ ತಾನು ಹಣ ಕೊಟ್ಟು ಕೊಂಡ ವಿನ್ಯಾಸದ ಕೆಳಗೆ ಕಲಾವಿದನ ಗುರುತು ನಿಲ್ಲಲು ಒಪ್ಪಿದ್ದಾನೆ. ಪುಸ್ತಕ ಪ್ರಕಟಿಸಿದವನು ಕವಿಯ ಹೆಸರನ್ನು ಮುಚ್ಚಿಡುವುದಿಲ್ಲವಷ್ಟೆ. ಆಭರಣಕ್ಕೂ ಅದೇ ಮರ್ಯಾದೆ ಸಂದಿತು.

ಈ ಆಭರಣಗಳು ಲಂಡನ್ನಿಗೂ ಹೋದುವು. ಫೋರ್ಟ್ಸ್‌ಹೈಮಿನಲ್ಲಿಯೇ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಎರ್ನ್ಸ್ಟ್ ಮ್ಯೂರ್ಲೆ ಎಂಬವನ ಮರ್ಲ್ ಬೆನೆಟ್ ಸಂಸ್ಥೆ ಅವನ್ನು ಅಲ್ಲಿ ಮಾರುತ್ತಿತ್ತು. ಮೊದಲ ಮಹಾಯುದ್ಧ ಆ ವ್ಯಾಪಾರವನ್ನು ಮುಗಿಸಿತು. ಯುದ್ಧ ಮುಗಿದ ಮರುವರ್ಷ, ೧೯೧೯ರಲ್ಲಿ, ಫಾರ್ನರ್ ತೀರಿಕೊಂಡ. ಕಾರ್ಖಾನೆಯನ್ನು ಕೊಂಡ ಗುಸ್ತಾವ್ ಬ್ರೆಂಡ್ಲೆ ತನ್ನ ಹೆಸರನ್ನು ಮುಂದೆ ಮಾಡದೆ ಫಾರ್ನರ್ ಆಭರಣವೆಂಬ ಹೆಸರನ್ನೇ ಉಳಿಸಿಕೊಂಡ. ೧೯೨೦ ಮತ್ತು ೩೦ರ ದಶಕಗಳಲ್ಲಿ ಜಾಲಂಧ್ರದಂಥ ಬೆಳ್ಳಿ ತಂತಿಯ ಕೆಲಸ, ಮಿನುಗುವ ಮಾರ್ಕಸೈಟ್ ಕಲ್ಲುಗಳು, ಮಬ್ಬು ಬಣ್ಣದ ಮೀನಾಕಾರಿಗಳಿಂದ ಆ ಹೆಸರು ಮತ್ತೆ ಬೆಳಗಿತು.

ಬಳಿಕ ಬಂದುದು ೧೯೪೫ರ ಫೆಬ್ರುವರಿ ೨೩ರ ರಾತ್ರಿ. ಗಡಿಯಾರದ ಸೂಕ್ಷ್ಮ ಕೆಲಸ ಬಲ್ಲ ಊರು ಯುದ್ಧಕ್ಕೆ ಬೇಕಾದ ಭಾಗಗಳನ್ನು ಮಾಡುತ್ತಿದೆಯೆಂದು ಬ್ರಿಟಿಷ್ ವಿಮಾನಗಳು ಫೋರ್ಟ್ಸ್‌ಹೈಮಿನ ಮೇಲೆ ಇಪ್ಪತ್ತೆರಡು ನಿಮಿಷಗಳ ಕಾಲ ಬಾಂಬು ಸುರಿದುವು. ಹದಿನೇಳು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಊರಿನ ನಡುಭಾಗ ಬಹುಮಟ್ಟಿಗೆ ನೆಲಸಮವಾಯಿತು. ಫಾರ್ನರನ ಕಾರ್ಖಾನೆಯೂ ಉಳಿಯಲಿಲ್ಲ. ಯುದ್ಧಾನಂತರ ಅದನ್ನು ಮತ್ತೆ ಕಟ್ಟಿದರು. ೧೯೭೯ರಲ್ಲಿ ಅದು ಶಾಶ್ವತವಾಗಿ ಮುಚ್ಚಿತು. ಆದರೆ ಊರೂರುಗಳ ಪೆಟ್ಟಿಗೆಗಳಲ್ಲಿ ಚದುರಿಹೋಗಿದ್ದ ಆಭರಣಗಳು ಉಳಿದುವು. ಅವುಗಳ ಬೆನ್ನಿನ ಮೇಲಣ ಅಕ್ಷರಗಳನ್ನು ಹಿಡಿದು ವಿದ್ವಾಂಸರು ಯಾವುದು ಯಾರ ಕೃತಿಯೆಂದು ಒಂದೊಂದನ್ನಾಗಿ ಗುರುತಿಸುತ್ತ ಬಂದರು. ಇಂದು ಅವುಗಳಿಗೆ ಸಂಗ್ರಾಹಕರು ಕೊಡುವ ಬೆಲೆ ಅದರಲ್ಲಿನ ಬೆಳ್ಳಿಯ ಬೆಲೆಗಿಂತ ಎಷ್ಟೋ ಮಡಿ ಹೆಚ್ಚು.

ಕಡಮೆ ಕ್ಯಾರೆಟ್ಟಿನ ಆಭರಣದ ಪ್ರಯೋಗ ನಮ್ಮ ದೇಶದಲ್ಲಿಯೂ ಒಮ್ಮೆ ನಡೆದುದುಂಟು. ೧೯೬೩ರ ಜನವರಿಯಲ್ಲಿ ಕೇಂದ್ರದ ಹಣಕಾಸು ಸಚಿವರಾಗಿದ್ದ ಮೊರಾರ್ಜಿ ದೇಸಾಯಿಯವರು ತಂದ ಚಿನ್ನ ನಿಯಂತ್ರಣ ನಿಯಮಗಳು ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದುವು. ಚಿನ್ನದ ಕಳ್ಳಸಾಗಣೆಯನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಜನ ಹದಿನಾಲ್ಕು ಕ್ಯಾರೆಟ್ಟಿನ ಒಡವೆಯನ್ನು ಒಡವೆಯೆಂದು ಒಪ್ಪಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗಳು ಕೆಲಸವಿಲ್ಲದೆ ಕುಳಿತರು. ಹತಾಶೆಯಿಂದ ಜೀವ ಕಳೆದುಕೊಂಡವರೂ ಇದ್ದರು. ಮೂರು ನಾಲ್ಕು ವರ್ಷಗಳಲ್ಲಿ ಆ ಮಿತಿಯನ್ನು ಸಡಿಲಿಸಬೇಕಾಯಿತು. ೧೯೬೮ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆಯೂ ೧೯೯೦ರಲ್ಲಿ ರದ್ದಾಯಿತು. ಅಲ್ಲಿ ಕಲಾವಿದನ ರೇಖೆ ಸಾಧಿಸಿದುದನ್ನು ಇಲ್ಲಿ ಕಾಯಿದೆಯೊಂದೇ ಸಾಧಿಸಲಾರದೆ ಹೋಯಿತು. ಲೋಹವನ್ನು ಕಡಮೆ ಮಾಡಬೇಕಾದರೆ ಅದರ ಸ್ಥಳದಲ್ಲಿ ಬೇರೆ ಬೆಲೆಯೊಂದನ್ನು ತುಂಬಬೇಕು. ನಾವು ತುಂಬಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಅಕ್ಕಸಾಲಿ ಆ ಕಾಲದಲ್ಲಿಯೇ ಬರುವುದನ್ನು ನಿಲ್ಲಿಸಿದನೆಂದು ನನ್ನ ತಾಯಿ ಹೇಳುತ್ತಿದ್ದರು.

ಇನ್ನು ನಾನು ಹೇಳಬೇಕೆಂದಿದ್ದ ತಪ್ಪಿನ ಮಾತು. ನನ್ನ ತಾಯಿಯ ಮದುವೆಗೆ ಆ ಅಕ್ಕಸಾಲಿ ಒಂದು ಜಡೆನಾಗರವನ್ನು ಮಾಡಿದ್ದ. ಐದು ಹೆಡೆ, ಒಂದೊಂದು ಹೆಡೆಯ ಮೇಲೆ ಒಂದು ಕೆಂಪು ಕಲ್ಲು. ಬಾಲದ ಕಡೆಯ ಸುರುಳಿ ಮಾತ್ರ ಎಲ್ಲರ ಮನೆಯ ನಾಗರದಂತೆ ಇರಲಿಲ್ಲ. ಅದು ಅಡಕೆಯ ಹಿಂಗಾರದಂತೆ ಎಳೆಯೆಳೆಯಾಗಿ ಬಿಡಿಸಿಕೊಂಡಿತ್ತು. ನನ್ನ ಮಗಳು ಚಿಕ್ಕವಳಾಗಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಒಮ್ಮೆ ಅದನ್ನು ಮುಡಿದು ಕುಣಿದಿದ್ದಳು. ೨೦೧೨ರಲ್ಲಿ ಅವಳ ಮದುವೆ ಬಂದಿತು. ತಾಯಿ ತೀರಿಕೊಂಡು ಎರಡು ವರ್ಷವಾಗಿದ್ದಿತು. ಈಗ ಯಾರು ಜಡೆನಾಗರ ಮುಡಿಯುತ್ತಾರೆ ಎಂದುಕೊಂಡು, ಯಾರನ್ನೂ ಕೇಳದೆ, ಪೇಟೆಯ ಒಂದು ಅಂಗಡಿಯಲ್ಲಿ ಅದನ್ನು ಕೊಟ್ಟು ಎರಡೆಳೆಯ ಒಂದು ಸರವನ್ನು ತಂದೆ. ಅಂಗಡಿಯವರು ನನ್ನೆದುರಿಗೇ ತೂಗಿ, ಕರಗಿಸಿ, ನ್ಯಾಯವಾಗಿಯೇ ಲೆಕ್ಕ ಕೊಟ್ಟರು. ಆ ರಸೀತಿ ಇನ್ನೂ ನನ್ನಲ್ಲಿದೆ. ಅದರಲ್ಲಿ ನಾಗರವೆಂಬ ಮಾತಿಲ್ಲ. ಹಳೆಯ ಚಿನ್ನ ಎಂದಿದೆ, ತೂಕವಿದೆ, ದರವಿದೆ.

ಫೋರ್ಟ್ಸ್‌ಹೈಮಿನ ಆಭರಣ ಸಂಗ್ರಹಾಲಯದಲ್ಲಿ, ಗಾಜಿನ ಹಿಂದೆ ಮಲಗಿದ್ದ ಚಿಕ್ಕ ಚಿಕ್ಕ ಬೆಳ್ಳಿಯ ಪದಕಗಳನ್ನು ನೋಡುತ್ತ ನಿಂತಿದ್ದಾಗ ಮಗಳು ಕೇಳಿದಳು: "ಅಪ್ಪ, ಅಜ್ಜಿಯ ನಾಗರ ಎಲ್ಲಿದೆ?" ನಾನು ಅವಳ ಕೊರಳನ್ನು ನೋಡಿದೆ. ಅವಳು ಆ ದಿನವೂ ಅದೇ ಸರವನ್ನು ಹಾಕಿಕೊಂಡಿದ್ದಳು. ಉತ್ತರವನ್ನು ಹೇಳಿದಾಗ ಅವಳು ಕೋಪ ಮಾಡಿಕೊಳ್ಳಲಿಲ್ಲ. ಸರವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿಕೊಂಡಳು, ಅಷ್ಟೆ. ಆ ಸಂಗ್ರಹಾಲಯವಿರುವ ಕಟ್ಟಡಕ್ಕೆ ಅದೇ ಊರಿನಲ್ಲಿ ಹುಟ್ಟಿದ ಯೊಹಾನೆಸ್ ರಾಯ್ಕ್ಲಿನ್ ಎಂಬ ವಿದ್ವಾಂಸನ ಹೆಸರಿಟ್ಟಿದ್ದಾರೆ. ಯೆಹೂದ್ಯರ ಗ್ರಂಥಗಳನ್ನು ಸುಟ್ಟುಹಾಕಬೇಕೆಂಬ ಕೂಗು ಎದ್ದಾಗ, ೧೫೧೦ರಲ್ಲಿ, ಸುಡಕೂಡದೆಂದು ಬರೆದುಕೊಟ್ಟವನು ಅವನು. ಗ್ರಂಥ ಸುಡುವುದು ಪಾಪವೆಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ ನಾನು, ನನ್ನ ಮನೆಯಲ್ಲಿದ್ದ ಒಂದು ಕೃತಿಯನ್ನು ಮೂಸೆಗೆ ಹಾಕಿಸಿ ರಸೀತಿ ಪಡೆದಿದ್ದೆ.

ಊರಿಗೆ ಹಿಂದಿರುಗಿದ ಮೇಲೆ ಆ ನಾಗರದ ಚಿತ್ರವಾದರೂ ಇದೆಯೇ ಎಂದು ಹುಡುಕಿದೆ. ತಾಯಿಯ ಮದುವೆಯ ಒಂದೇ ಒಂದು ಭಾವಚಿತ್ರವಿದೆ. ಅದು ಎದುರಿನಿಂದ ತೆಗೆದುದು. ನಾಗರವಿದ್ದುದು ಬೆನ್ನಿನ ಕಡೆ. ಮಾಡಿದವನ ಹೆಸರನ್ನು ಹುಡುಕಿದೆ. ತಾಯಿ ಅವನನ್ನು ಯೆಡೇಹಳ್ಳಿ ಆಚಾರಿ ಎಂದು ಕರೆಯುತ್ತಿದ್ದರು. ಯೆಡೇಹಳ್ಳಿ ಎಂಬುದು ನರಸಿಂಹರಾಜಪುರದ ಹಳೆಯ ಹೆಸರು. ಮೈಸೂರಿನ ಯುವರಾಜರ ಹೆಸರನ್ನು ಆ ಊರಿಗೆ ಇಟ್ಟು ಬಹುಕಾಲವಾದರೂ ಹಿರಿಯರ ನಾಲಗೆಯಲ್ಲಿ ಹಳೆಯ ಹೆಸರೇ ಉಳಿದಿದ್ದಿತು. ಎರಡು ಮೂರು ಸಲ ಅಲ್ಲಿಗೆ ಹೋಗಿ ವಯಸ್ಸಾದವರನ್ನು ವಿಚಾರಿಸಿದೆ. ಊರಿನ ಹಳೆಯ ಹೆಸರು ಎಲ್ಲರಿಗೂ ಗೊತ್ತಿದೆ. ಆಚಾರಿಯ ಹೆಸರು ಯಾರಿಗೂ ಗೊತ್ತಿಲ್ಲ.

ಕೃತಿಯ ಮೇಲೆ ಕರ್ತೃವಿನ ಹೆಸರು ಇರಬೇಕೆಂಬುದು ಪಶ್ಚಿಮದವರಿಂದ ಕಲಿಯಬೇಕಾದ ಪಾಠವೆಂದು ಯಾರೂ ತಿಳಿಯಬೇಕಾಗಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ ಆದ ಅಮೃತಾಪುರದ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಕಲ್ಲಿನ ಮೇಲೆ ಉಳಿದ ಆ ಅಭಿಮಾನ ಚಿನ್ನದ ಮೇಲೆ ಏಕೆ ಉಳಿಯಲಿಲ್ಲ? ಕಲ್ಲನ್ನು ಯಾರೂ ಕರಗಿಸಿ ಮಾರುವುದಿಲ್ಲ. ಚಿನ್ನವಾದರೋ ಕರಗಿಸಲೆಂದೇ ಕೊಂಡದ್ದು ಎಂಬಂತೆ ನಾವು ನಡೆದುಕೊಳ್ಳುತ್ತೇವೆ. ಕರಗುವ ವಸ್ತುವಿನ ಮೇಲೆ ಹೆಸರೇಕೆ?

ಈಗ ನಮ್ಮ ಒಡವೆಗಳ ಮೇಲೆಯೂ ಮುದ್ರೆ ಬಂದಿದೆ. ೨೦೨೧ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಭಾರತೀಯ ಮಾನಕ ಸಂಸ್ಥೆಯ ಗುರುತು, ಇಪ್ಪತ್ತೆರಡು ಕ್ಯಾರೆಟ್ಟಿಗೆ ೯೧೬ ಎಂಬ ಶುದ್ಧತೆಯ ಅಂಕೆ, ಪ್ರತಿಯೊಂದು ಒಡವೆಗೂ ಬೇರೆಬೇರೆಯಾದ ಆರು ಅಕ್ಷರಾಂಕಗಳ ಒಂದು ಸಂಕೇತ. ಕೊಳ್ಳುವವನಿಗೆ ಮೋಸವಾಗದಿರಲೆಂದು ಮಾಡಿದ ಈ ಏರ್ಪಾಡು ಸ್ವಾಗತಾರ್ಹವೇ. ಎದುರಿಗೆ ಕುಳಿತು ಕಾಯುತ್ತಿದ್ದ ಅಜ್ಜಿಯ ಕೆಲಸವನ್ನು ಇಂದು ಈ ಮುದ್ರೆ ಮಾಡುತ್ತಿದೆ. ಒಡವೆಯಲ್ಲಿ ಚಿನ್ನ ಎಷ್ಟೆಂಬುದನ್ನು ಅದು ಹೇಳುತ್ತದೆ; ಆ ಕೈ ಯಾರದೆಂಬುದನ್ನು ಹೇಳುವುದಿಲ್ಲ. ಅದು ಒಡವೆಯ ಮುದ್ರೆ. ತೊಡವಿನ ಮುದ್ರೆ ಇನ್ನೂ ಬಂದಿಲ್ಲ.

ಹಳೆಯ ಒಡವೆಯನ್ನು ಯಾರೂ ಕರಗಿಸಬಾರದೆಂದು ನಾನು ಹೇಳಲಾರೆ. ಕಷ್ಟ ಬಂದಾಗ ಕರಗದೆ ವಿಧಿಯಿಲ್ಲ. ನನ್ನ ವಿದ್ಯೆಯೇ ಅಂಥ ಕಷ್ಟಕಾಲದ ಬಳೆಗಳ ಋಣ. ನನ್ನ ಬೇಡಿಕೆ ಚಿಕ್ಕದು. ಮೂಸೆಗೆ ಹೋಗುವ ಮುನ್ನ ಅದನ್ನು ಮನೆಯ ಹೆಣ್ಣುಮಕ್ಕಳಿಗೆ ಒಮ್ಮೆ ತೋರಿಸಿ ಕೇಳಿ. ಮುಂದಿನಿಂದಲೂ ಹಿಂದಿನಿಂದಲೂ ಒಂದು ಚಿತ್ರ ತೆಗೆದಿಡಿ. ಮಾಡಿದವನ ಹೆಸರು ನೆನಪಿರುವ ಹಿರಿಯರು ಇನ್ನೂ ಇದ್ದರೆ ಕೇಳಿ ಬರೆದಿಡಿ. ಈಗಲೂ ಕೈಕೆಲಸ ಮಾಡುವ ಅಕ್ಕಸಾಲಿಯಿಂದ ಮಾಡಿಸುವವರು ಅವನ ಹೆಸರಿನ ಒಂದಕ್ಷರವನ್ನು ಹಿಂಬದಿಯಲ್ಲಿ ಕೊರೆಯಲು ಹೇ‌ಳಿ. ನಾನು ಆ ರಸೀತಿಯ ಬೆನ್ನಿನ ಮೇಲೆ ನೆನಪಿನಿಂದ ಐದು ಹೆಡೆಯ ನಾಗರವೊಂದನ್ನು ಬರೆದು, ಕೆಳಗೆ 'ಯೆಡೇಹಳ್ಳಿ ಆಚಾರಿಯ ಕೃತಿ' ಎಂದು ಬರೆದಿಟ್ಟಿದ್ದೇನೆ. ಚಿತ್ರಕಲೆ ನನಗೆ ಬಾರದು. ಹಿಂಗಾರದ ಆ ಸುರುಳಿ ನನ್ನ ಕೈಗೆ ಬರಲೇ ಇಲ್ಲ.